ಕಾವುಪಟ್ಟಿ

ಮುಕ್ತಾಂಬಳ ಸೊಂಟದಲ್ಲಿ ಕಾವುಪಟ್ಟಿ ಜೀರುಂಡೆಯ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಎರಡು ಬೆರಳಗಲದ ಹತ್ತಿಯ ಪಟ್ಟಿ. ಹೊಕ್ಕುಳಿನ ಎಡಕ್ಕೆ ಒಂದು ತಾಮ್ರದ ಡಬ್ಬಿ. ಡಬ್ಬಿಯೊಳಗೆ ಒದ್ದೆ ಪಾಚಿಯ ಹಾಸಿಗೆ, ಅದರ ಮೇಲೆ ಕಪ್ಪು ಕಲ್ಲಿನ ಚೂರಿನಂಥ ಒಂದೇ ಒಂದು ಬಾಳೆಯ ಬೀಜ. ಮದುವೆಯಾಗಿ ಅಂದಿಗೆ ಒಂಬತ್ತನೆಯ ದಿನ. ಪಟ್ಟಿ ಕಟ್ಟಿಯೂ ಅಂದಿಗೆ ಒಂಬತ್ತನೆಯ ದಿನ. ಗಂಡನ ಮನೆಯ ಹೊಸಿಲು ದಾಟಿ ಒಳಗೆ ಬಂದ ಗಳಿಗೆಯಲ್ಲೇ ಅತ್ತೆ ಸರ್ವಮಂಗಳಮ್ಮ, ಮಡಿಲಕ್ಕಿಯ ಜೊತೆಗೆ ಇದನ್ನೂ ಸೊಸೆಯ ಸೊಂಟಕ್ಕೆ ಬಿಗಿದಿದ್ದರು.

"ನಲವತ್ತೆಂಟು ದಿನ. ಒಂದು ಮಂಡಲ. ಅಲ್ಲಿಗಂಟ ಗೇಟು ದಾಟೋ ಹಂಗಿಲ್ಲ, ಪಟ್ಟಿ ಬಿಚ್ಚೋ ಹಂಗಿಲ್ಲ. ಬೀಜ ಕಣ್ಣು ಬಿಡ್ಲಿಲ್ಲ ಅಂದ್ರೆ ಯಾರ ಮೈ ಕಾವು ಸರಿ ಇಲ್ಲ ಅಂತ ಊರಿಗೇ ಗೊತ್ತಾಗುತ್ತೆ" ಎಂದಿದ್ದರು.

ಭೂಮಿಯ ಬಿಸಿ ಇಳಿಸಲೆಂದು ದೇಶದೇಶಗಳು ಸೇರಿ ಆಕಾಶದ ನೆತ್ತಿಗೆ ಧೂಳುಪರದೆ ಕಟ್ಟಿ ಆಗ ಇಪ್ಪತ್ತೆರಡು ವರ್ಷವಾಗಿತ್ತು. ಬಿಸಿಯೇನೋ ಇಳಿಯಿತು. ಎಲ್ಲಿ ಎಷ್ಟು ಇಳಿಯಬೇಕೆಂದು ಮಾತ್ರ ಆ ಪರದೆಗೆ ತಿಳಿಸಿ ಹೇಳುವವರಿರಲಿಲ್ಲ. ಅರಸೀಕೆರೆಯ ಬಯಲಿನಲ್ಲಿ ಮಾರ್ಗಶಿರ ಬಂತೆಂದರೆ ಬೆಳಗ್ಗೆ ನಲ್ಲಿಯ ಬಾಯಲ್ಲಿ ಗಾಜಿನಂಥ ಮಂಜಿನ ಕಡ್ಡಿ ನೇತಾಡುತ್ತಿತ್ತು. ತೆಂಗಿನ ಮರಗಳು ತಲೆಯಿಲ್ಲದ ಕಂಬಗಳಾದವು. ಬಾಳೆ ಹೇಳಹೆಸರಿಲ್ಲದಂತೆ ಹೋಯಿತು. ಮದುವೆಯ ಚಪ್ಪರಕ್ಕೆ ಶಾಮಿಯಾನದ ಅಂಗಡಿಯಿಂದ ಪ್ಲಾಸ್ಟಿಕ್ ಬಾಳೆ ಬಾಡಿಗೆಗೆ ಬರುತ್ತಿತ್ತು. ಹಿಂದಿನ ಮದುವೆಮನೆಯವರ ಅರಿಸಿನದ ಬೆರಳಚ್ಚು ಅದರ ಮೈಮೇಲೆ ಹಾಗೆಯೇ ಉಳಿದಿರುತ್ತಿತ್ತು.

ಇಂಥ ಕಾಲದಲ್ಲಿ ಧಾರವಾಡದ ಸಸ್ಯವಿಜ್ಞಾನಿ ಡಾ. ಮಂದಾಕಿನಿ ಹಂಪಿಹೊಳಿ ಬಿಸುಬಾಳೆಯನ್ನು ಸೃಷ್ಟಿಸಿದರು. ತಿನ್ನುವ ಹಣ್ಣು ಕೊಡದ, ಅಂದಕ್ಕೆಂದೇ ಮನೆಯ ಮುಂದೆ ಬೆಳೆಸುವ ಗಿಡ ಅದು. ಎಲೆಯ ನಡುನರ ರಕ್ತಗೆಂಪು. ಗೆಡ್ಡೆಯಲ್ಲಿ ಕೂಡಿಟ್ಟ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಉರಿಸಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಗುಣವನ್ನು ಅವರು ಅದಕ್ಕೆ ತುಂಬಿದ್ದರು. ಆ ಗುಣಕ್ಕೆ ಸ್ವಯಂತಾಪ ಎಂದು ಹೆಸರಿಟ್ಟರು. ಬುಡದಲ್ಲಿ ಮರಿಗಂದು ಹಾಕುವ ಜಾತಿಯಲ್ಲ, ಬೀಜದಿಂದಲೇ ಹುಟ್ಟಬೇಕು. ತೊಡಕಿದ್ದುದು ಅಲ್ಲೇ. ಕಾಡುಬಾಳೆಯ ಬೀಜಕ್ಕೆ ಕುಂಭಕರ್ಣನ ನಿದ್ದೆ. ಒಂದೇ ಸಮನೆ ಬಿಸಿ ಕೊಟ್ಟರೆ ಏಳುವುದಿಲ್ಲ. ಬಿಸಿ, ತಂಪು, ಮತ್ತೆ ಬಿಸಿ ಎಂದು ಏರಿಳಿತ ಬೇಕು. ಯಂತ್ರದಿಂದ ಏರಿಳಿತ ಕೊಟ್ಟು ನೋಡಿದರು. ಬೀಜ ಎದ್ದಿತು, ಆದರೆ ಯಂತ್ರದ ಹಾಗೇ ಹಗಲಿರುಳು ಒಂದೇ ಲೆಕ್ಕದಲ್ಲಿ ಉರಿದು ಒಂದೇ ಚಳಿಗಾಲದಲ್ಲಿ ಗೆಡ್ಡೆ ಬೂದಿಯಾಯಿತು. ಯಾವಾಗ ಉರಿಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅದು ಜೀವಂತ ಮೈಯಿಂದಲೇ ಕಲಿಯಬೇಕಿತ್ತು. ಅದಕ್ಕೆಂದೇ ಕಾವುಪಟ್ಟಿ. ಕಟ್ಟಿಕೊಂಡವರ ಮೈಬಿಸಿಯ ಏರಿಳಿತವನ್ನು ಹತ್ತು ಪಟ್ಟು ಹಿಗ್ಗಿಸಿ ಬೀಜಕ್ಕೆ ಮುಟ್ಟಿಸುವ ಸಾಧನ. ನಲವತ್ತೆಂಟು ದಿನದ ಆ ಪಾಠವನ್ನು ಬೀಜ ಬಾಯಿಪಾಠ ಮಾಡಿಕೊಂಡು, ಗಿಡವಾದ ಮೇಲೆ ಬದುಕಿರುವಷ್ಟು ಕಾಲ ಮತ್ತೆ ಮತ್ತೆ ಒಪ್ಪಿಸುತ್ತದೆ. ವಿಜ್ಞಾನಿ ಇದನ್ನು ಲಯಗ್ರಹಣ ಎಂದು ಕರೆದರು.

ಐವತ್ತು ದಾಟಿದ, ಆರೋಗ್ಯವಾಗಿರುವ, ಹೆಚ್ಚು ಓಡಾಡದ ಯಾರಾದರೂ ಕಟ್ಟಿಕೊಳ್ಳಬಹುದು ಎಂದು ಬೀಜದ ಪೊಟ್ಟಣದ ಮೇಲೆ ಅಚ್ಚಾಗಿತ್ತು. ಆದರೆ ಬೀಜ ಮೊಳೆಯುವ ಕೆಲಸ ಮುದುಕರ ಸೊಂಟಕ್ಕೆ ಕಟ್ಟುವಂಥದ್ದೇ? ಊರಿನ ಹೆಂಗಸರು ಆ ಸಾಲನ್ನು ಓದಿ ನಕ್ಕರು. ಹೊಸ ಸೊಸೆಯ ಮಡಿಲೇ ತಕ್ಕ ಜಾಗ ಎಂದು ತಾವೇ ತೀರ್ಮಾನ ಮಾಡಿದರು. ನಲವತ್ತೆಂಟು ದಿನವೆಂದರೆ ಮಂಡಲವೇ ಆಯಿತಲ್ಲ, ಅದಕ್ಕೊಂದು ವ್ರತದ ಕಟ್ಟಳೆಯೂ ಹುಟ್ಟಿತು. ಇದನ್ನು ಕೇಳಿದ ಡಾ. ಮಂದಾಕಿನಿಯವರಿಗೆ ಬಲು ಖುಷಿಯಾಗಿ, ಮುಂದಿನ ಪೊಟ್ಟಣದ ಮೇಲೆ ಪಟ್ಟಿ ಕಟ್ಟಿದ ಮದುಮಗಳ ಚಿತ್ರವನ್ನೇ ಹಾಕಿಸಿಬಿಟ್ಟರು.

ಮೂವತ್ತಾರನೆಯ ದಿನ ಮುಕ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತ ಹೇಳಿದಳು: "ಅತ್ತೆ, ನಂಗೆ ದಿನ ತಪ್ಪಿ ಒಂದು ವಾರ ಆಯ್ತು."

ಸರ್ವಮಂಗಳಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಊರು ಬದಲಾಯ್ತು, ನೀರು ಬದಲಾಯ್ತು. ತಪ್ಪದೆ ಏನಾಗುತ್ತೆ?"

"ಹಂಗಲ್ಲ ಅತ್ತೆ. ಅನ್ನ ಕುದಿಯೋ ವಾಸನೆ ಬಂದ್ರೆ ಸಾಕು…"

"ಓಹೋ, ಒಲೆ ಮುಂದೆ ನಿಲ್ಲಕ್ಕಾಗಲ್ಲ. ಅಷ್ಟೇ ತಾನೆ? ಅದನ್ನ ನೇರವಾಗಿ ಹೇಳ್ಬೇಕಪ್ಪ. ಈಗಿನ ಹುಡ್ಗೀರು ಕೆಲಸ ತಪ್ಪಿಸ್ಕೊಳ್ಳೋಕೂ ಕೂಸನ್ನೇ ಮುಂದಿಡ್ತಾರೆ."

ಗೇಟು ದಾಟುವಂತಿಲ್ಲವಲ್ಲ. ಮುಕ್ತಾ ಗಂಡ ರೇಣುಕಪ್ರಸಾದನನ್ನು ಕೇಳಿಕೊಂಡಳು: ಔಷಧದ ಅಂಗಡಿಯಿಂದ ಪರೀಕ್ಷೆಯ ಕಡ್ಡಿಯೊಂದು ತಂದುಕೊಡಿ. ಅವನು ಕೆನ್ನೆ ಕೆರೆದುಕೊಂಡ. "ಅಂಗಡೀಲಿ ನಮ್ಮ ದೊಡ್ಡಪ್ಪನ ಮಗ ಕೂತಿರ್ತಾನೆ ಕಣೆ. ಅವನತ್ರ ಅದನ್ನ ಹೆಂಗೆ ಕೇಳ್ಲಿ? ನಾಳೆ ಬೇರೆ ಕಡೆ ನೋಡ್ತೀನಿ." ಆ ನಾಳೆ ನಾಲ್ಕು ದಿನ ನಡೆಯಿತು.

ನಲವತ್ತನೆಯ ದಿನ ಹವಾಮಾನದವರು ಹಿಮ ಬೀಳುತ್ತದೆಂದು ಎಚ್ಚರಿಸಿದರು. ತಾರಸಿಯ ನೀರಿನ ತೊಟ್ಟಿಗೆ ಹುಲ್ಲು ಸುತ್ತಬೇಕಾಯಿತು. ರೇಣುಕನಿಗೆ ಬೆನ್ನುನೋವು. ಮುಕ್ತಾ ಹದಿನಾಲ್ಕು ಹೊರೆ ಹುಲ್ಲನ್ನು ಕಬ್ಬಿಣದ ಏಣಿಯ ಮೇಲೆ ಒಬ್ಬಳೇ ಹತ್ತಿಸಿದಳು. ಮರುದಿನ ನಸುಕಿಗೆ ಬಚ್ಚಲ ಗೋಡೆ ಹಿಡಿದು ಕುಸಿದು ಕೂತಾಗ, ಹೊಟ್ಟೆಯಿಂದ ಏನು ಕಳಚಿಕೊಂಡು ಹೋಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬಂತಲ್ಲ? ನಾನು ಹೇಳ್ಲಿಲ್ವ?" ಎಂದರು ಸರ್ವಮಂಗಳಮ್ಮ ಬಾಗಿಲ ಹೊರಗಿನಿಂದ. "ಪಟ್ಟಿ ನೀರಿಗೆ ನೆನೆಸ್ಬೇಡ. ಇನ್ನೂ ಏಳು ದಿನ ಐತೆ."

ಬೀಜ ಕಣ್ಣು ಬಿಟ್ಟಿತು. ಅಂಗಳದ ಈಶಾನ್ಯಕ್ಕೆ ನೆಟ್ಟರು. ಮೂರು ವರ್ಷದಲ್ಲಿ ಅದು ಚಾವಣಿಯನ್ನೂ ಮೀರಿ ಎದ್ದು, ಕೆಂಪು ನರದ ಎಲೆಗಳನ್ನು ಆನೆಯ ಕಿವಿಯ ಹಾಗೆ ಬೀಸುತ್ತ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿತ್ತು. ಹುಲ್ಲಿನ ಮೇಲೆಲ್ಲ ಹಿಮ ಬಿದ್ದಿದ್ದರೂ ಅದರ ಬುಡದ ಸುತ್ತ ಒಂದು ಮೊಳ ನೆಲ ಕಪ್ಪಗೆ, ಒದ್ದೆಯಾಗಿ, ಹಬೆಯಾಡುತ್ತಿರುತ್ತಿತ್ತು. ಸರ್ವಮಂಗಳಮ್ಮ ದಿನವೂ ನಸುಕಿನಲ್ಲಿ ಸ್ನಾನ ಮುಗಿಸಿ, ಅದರ ಕಾಂಡಕ್ಕೆ ನೋಯುವ ಮಂಡಿಗಳನ್ನು ಒತ್ತಿಕೊಂಡು ಕೂತೇ ಲಿಂಗಪೂಜೆ ಮಾಡುತ್ತಿದ್ದರು.

ಆ ಮೂರು ವರ್ಷದಲ್ಲಿ ಮುಕ್ತಾ ಮತ್ತೆ ಬಸಿರಾಗಲಿಲ್ಲ. ಹಾಸನದ ವೈದ್ಯರು ಗಂಡಹೆಂಡಿರಿಬ್ಬರಿಗೂ ಪರೀಕ್ಷೆ ಬರೆದುಕೊಟ್ಟಿದ್ದರು. ಅವಳದು ಆಯಿತು, ದೋಷವೇನೂ ಕಾಣಲಿಲ್ಲ. ರೇಣುಕ ತನ್ನ ಚೀಟಿಯನ್ನು ಮಡಚಿ ಬೀರುವಿನ ಬಟ್ಟೆಯಡಿ ಇಟ್ಟವನು ಮತ್ತೆ ತೆಗೆಯಲಿಲ್ಲ. ನೆಂಟರು ಈಗೀಗ ಸರ್ವಮಂಗಳಮ್ಮನ ಬೆನ್ನ ಹಿಂದೆ ಅವನ ಹೆಸರನ್ನೇ ಎತ್ತಿ ಪಿಸುಗುಡುತ್ತಿದ್ದರು. ಇನ್ನೊಬ್ಬಳನ್ನು ತಂದರೂ ಹೀಗೇ ಆದರೆ ಎಂಬ ಅಳುಕಿನಿಂದ ಅತ್ತೆ ಬಾಯಿ ಮಾಡುತ್ತಿದ್ದರೇ ಹೊರತು ಸೊಸೆಯನ್ನು ಹೊರಗೆ ಹಾಕುವ ಧೈರ್ಯ ಮಾಡಿರಲಿಲ್ಲ. ಮನೆಯ ಮೇಲೊಂದು ಅನುಮಾನವಿತ್ತು. ಮುಕ್ತಾ ಬಾಳುತ್ತಿದ್ದುದೇ ಆ ಅನುಮಾನದ ನೆರಳಿನಲ್ಲಿ. ಅದು ಅವಳಿಗೆ ಗೊತ್ತಿರಲಿಲ್ಲ.

ಅವಳಿಗೆ ಬೇಕಿದ್ದುದು ಒಂದೇ. ಒಂದು ಸಲ ಆಗಿತ್ತು ಎಂದು ಈ ಮನೆಯಲ್ಲಿ ಯಾರಾದರೂ ಒಪ್ಪಬೇಕು. ಅವಳು ಅದನ್ನು ಹೇಳಿದಾಗಲೆಲ್ಲ ಅತ್ತೆ "ಕನಸು ಕಂಡಿರ್ತೀಯ" ಎನ್ನುತ್ತಿದ್ದರು. ಬಂದವರೆದುರು "ನಮ್ಮ ಸೊಸೆ ಕಥೆ ಕಟ್ಟೋದ್ರಲ್ಲಿ ಜಾಣೆ" ಎಂದು ನಗುತ್ತಿದ್ದರು. ಗಂಡ "ಆಗಿದ್ದು ಆಯ್ತು ಬಿಡು" ಎನ್ನುತ್ತಿದ್ದ. ಆಗಿತ್ತು ಎಂಬ ಒಪ್ಪಿಗೆಯಂತೆ ಅವನ ಬಾಯಲ್ಲಿ ಬರುತ್ತಿದ್ದುದು ಅಷ್ಟೇ. ಅದಕ್ಕೇ ಅವಳು ಅವನಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದಳು.

ಗಿಡದಲ್ಲಿ ಏನೋ ಐಬಿದೆ ಎಂದು ಮೊದಲು ಕಂಡುಹಿಡಿದದ್ದು ಸರ್ವಮಂಗಳಮ್ಮನ ಮಂಡಿಗಳೇ. ಒಂದಷ್ಟು ದಿನ ಚೆನ್ನಾಗಿ ಕಾಯುವ ಕಾಂಡ ಇದ್ದಕ್ಕಿದ್ದಂತೆ ಒಂದು ಬೆಳಗ್ಗೆ ತಣ್ಣಗಾಗಿಬಿಡುತ್ತಿತ್ತು. ಮೂರು ವಾರ ಹಾಗೇ ಇದ್ದು ಮತ್ತೆ ಬೆಚ್ಚಗಾಗುತ್ತಿತ್ತು. "ಗಿಡಕ್ಕೂ ನಿನ್ನ ಗಾಳೀನೇ ಸೋಕೈತೆ" ಎಂದು ಸೊಸೆಯನ್ನು ಬೈದು, ಬೀಜದ ಪೊಟ್ಟಣದ ಮೇಲಿದ್ದ ವಿಳಾಸಕ್ಕೆ ದೂರು ಬರೆಸಿದರು.

ಡಾ. ಮಂದಾಕಿನಿ ತಾವೇ ಬಂದರು. ಅರವತ್ತರ ಹತ್ತಿರದ, ಕೆದರಿದ ಬಿಳಿಗೂದಲಿನ ಹೆಂಗಸು. ಗಿಡ ಕಂಡರೆ ಮೊಮ್ಮಕ್ಕಳನ್ನು ಕಂಡಂತೆ ಮಾತಾಡಿಸುವವರು. ಕಾಂಡಕ್ಕೆ ತಾಪಲೇಖಿ ಎಂಬ ಸಣ್ಣ ಬಿಲ್ಲೆಯೊಂದನ್ನು ಅಂಟಿಸಿ ಹೋದವರು, ಎರಡು ತಿಂಗಳು ಕಳೆದು ಮರಳಿ ಬಂದು ಅದು ಬರೆದ ಗೆರೆಯನ್ನು ಅಂಗಳದ ಕಲ್ಲುಬೆಂಚಿನ ಮೇಲೆ ಬಿಡಿಸಿಟ್ಟರು.

"ಅಯ್ಯ ನನ್ನವ್ವ, ಎಷ್ಟ್ ಚಂದ ಕಲ್ತದ ನೋಡ್ರಿ!" ಎಂದು ಮುಕ್ತಾಳನ್ನು ಹತ್ತಿರ ಕರೆದರು. "ರೋಗ ಇಲ್ಲ, ಏನಿಲ್ಲ. ನಲವತ್ತೆಂಟು ದಿನದ ಪಾಠ ಒಂದ್ ಅಕ್ಷರ ಬಿಡದ ಒಪ್ಪಸ್ಲಿಕ್ಕತ್ತದ. ಹದ್ನಾಕ್ ದಿನ ಕೆಳಗ. ಹದಿನೈದಕ್ಕ ಏರ್ತದ. ಇಲ್ಲಿಂದ ಇಪ್ಪತ್ತಾರು ದಿನ ಮ್ಯಾಲೇ ಅದ, ಇಳಿಯಂಗೇ ಇಲ್ಲ. ನಲವತ್ತೊಂದನೇ ದಿನ…" ಅವರ ಬೆರಳು ಗೆರೆ ಕಡಿದು ಬಿದ್ದ ಜಾಗದಲ್ಲಿ ನಿಂತಿತು. ಕನ್ನಡಕವನ್ನು ಮೇಲೆತ್ತಿ ಮುಕ್ತಾಳ ಮುಖ ನೋಡಿದರು. "ಪಟ್ಟಿ ಕಟ್ಕೊಂಡಾಕಿ ಯಾರವ್ವ?"

"ನಾನೇ ಮೇಡಂ."

ಅವರು ಕನ್ನಡಕ ಇಳಿಸಿ ಗೆರೆಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ವಿವರಿಸಿದರು: ಹೆಣ್ಣಿನ ಮೈಬಿಸಿ ತಿಂಗಳ ನಡುವೆ ಅರ್ಧ ಡಿಗ್ರಿ ಏರುತ್ತದೆ. ಬಸಿರು ನಿಲ್ಲದಿದ್ದರೆ ಎರಡು ವಾರಕ್ಕೆ ಇಳಿಯುತ್ತದೆ. ನಿಂತರೆ ಇಳಿಯುವುದಿಲ್ಲ. ಇಪ್ಪತ್ತಾರು ದಿನ ಇಳಿದಿಲ್ಲ ಎಂದರೆ ಅರ್ಥ ಒಂದೇ. "ನಿನಗ ಗೊತ್ತಿತ್ತೇನು?"

ಮುಕ್ತಾ ಗಿಡದ ಮೇಲೆ ಎರಡೂ ಕೈಯಿಟ್ಟಳು. ಆ ದಿನ ಅದು ಬೆಚ್ಚಗಿತ್ತು. ಮೂರು ವರ್ಷ ಅವಳು ಆಡಿದ್ದು ಸುಳ್ಳಲ್ಲ, ಕನಸಲ್ಲ, ಕಥೆಯಲ್ಲ. ಮೂರು ವರ್ಷದಿಂದಲೂ ಇದು ಅದನ್ನೇ ಹೇಳುತ್ತ ಇಲ್ಲೇ ನಿಂತಿತ್ತು. ಅತ್ತೆ ಅದಕ್ಕೇ ಮಂಡಿ ಒತ್ತಿಕೊಂಡು ಪೂಜೆ ಮಾಡುತ್ತಿದ್ದರು.

"ಒಳಗೆ ಬನ್ನಿ. ಇದನ್ನ ಅವರೆದುರಿಗೆ ಹೇಳಿ" ಎಂದಳು.

"ಬ್ಯಾಡವ್ವ. ಇದು ನಿನ್ನ ಮೈಯಿನ ಮಾತು. ಅವ್ರಿಗೆ ಯಾಕ?"

"ದಮ್ಮಯ್ಯ ಅಂತೀನಿ. ಒಂದೇ ಒಂದು ಸಲ ಹೇಳ್ಬಿಡಿ ಮೇಡಂ. ನಾನು ಹೇಳಿದ್ರೆ ಯಾರೂ ನಂಬಲ್ಲ."

ನಡುಮನೆಯಲ್ಲಿ ಮಗನ ಪಕ್ಕ ಕೂತಿದ್ದ ಸರ್ವಮಂಗಳಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಗೆರೆಯ ಕಾಗದವನ್ನು ತಾವೇ ಕೈಗೆ ತೆಗೆದುಕೊಂಡು ಏರಿದ ಜಾಗವನ್ನೂ ಬಿದ್ದ ಜಾಗವನ್ನೂ ಉಗುರಿನಿಂದ ಗೀರಿ ಗುರುತು ಮಾಡಿದರು. ಮುಕ್ತಾ ಬಾಗಿಲ ಚೌಕಟ್ಟು ಹಿಡಿದು ಕಾದಳು. ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಗಳಿಗೆ ಅದು. ಅತ್ತೆ ತಲೆ ತಗ್ಗಿಸುತ್ತಾರೆ. ಒಂದು ಹನಿ ಕಣ್ಣೀರಾದರೂ ಬರುತ್ತದೆ.

"ಹಂಗಾದ್ರೆ ನಿಂತಿದ್ದು ನಿಜ" ಎಂದರು ಸರ್ವಮಂಗಳಮ್ಮ.

"ಖರೇನ ರೀ."

"ಇವಳು ಸುಳ್ಳು ಹೇಳಿಲ್ಲ."

"ಇಲ್ರಿ."

"ಅಲ್ಲಿಗೆ ನನ್ನ ಮಗನದ್ದೇನೂ ತಪ್ಪಿಲ್ಲ." ಅವರು ಕಾಗದವನ್ನು ಮಗನ ಕಡೆ ಚಾಚಿದರು. "ನೋಡೋ ರೇಣುಕ, ಮೂರು ವರ್ಷ ನಾನು ತಲೆ ಎತ್ಕೊಂಡು ಓಡಾಡಿಲ್ಲ. ನಿನ್ನ ಸೋದರತ್ತೆ ಎದುರಿಗೇ ಕೇಳಿದ್ಲು, ಹುಡುಗನಿಗೆ ತೋರಿಸಿದ್ರಾ ಅಂತ. ಬಿತ್ತಿದ್ದು ಮೊಳೆತೈತೆ. ಉಳಿಸ್ಕೊಳ್ಳೋ ಯೋಗ್ಯತೆ ಇವಳಿಗಿಲ್ಲ, ಅಷ್ಟೇ."

ಮುಕ್ತಾ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಹಿಂದಿನ ದಿನ ಹದಿನಾಲ್ಕು ಹೊರೆ ಹುಲ್ಲು ಹೊರಿಸಿದ್ರಿ ಅತ್ತೆ. ನಾನು ಹೇಳಿದ್ದೆ ನಿಮಗೆ."

"ಎಂಟು ತುಂಬಿದ್ದಾಗ ನಾನು ಗಾಣದ ಕಲ್ಲು ಎತ್ತಿಟ್ಟಿದ್ದೀನಿ. ಕೇಳಿಲ್ಲಿ, ವಿಜ್ಞಾನ ಓದಿದೋರು ಇಲ್ಲೇ ಅವ್ರೆ. ಹುಲ್ಲು ಹೊತ್ತಿದ್ದಕ್ಕೆ ಹೋಯ್ತು ಅಂತಾರಾ?"

ಡಾ. ಮಂದಾಕಿನಿ ಒದ್ದಾಡಿಹೋದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. "ಹಂಗ ಹೇಳಲಿಕ್ಕ ಆಗೂದಿಲ್ರಿ. ಇಷ್ಟ್ ಸಣ್ಣ ದಿನದಾಗ ಹೋಗೂವು ಬಹಳ ಇರ್ತಾವ, ಯಾರದೂ ತಪ್ಪಿರೂದಿಲ್ಲ. ಒಮ್ಮೆ ಹೋತಂದ್ರ ಮತ್ತ ನಿಲ್ಲೂದಿಲ್ಲ ಅಂತ ಏನಿಲ್ಲ. ಈ ಮೂರು ವರ್ಷದ ಮಾತು ಬ್ಯಾರೆ, ಅದಕ್ಕ ಇಬ್ಬರನ್ನೂ ನೋಡಬೇಕಾಗ್ತದ…"

"ಹೇಳಿದ್ರಲ್ಲ, ಹುಲ್ಲಿಂದಲ್ಲ ಅಂತ. ಸಾಕು" ಎಂದರು ಸರ್ವಮಂಗಳಮ್ಮ. ಎದ್ದು ಹೋಗಿ ವಿಜ್ಞಾನಿಗೆ ಕಾಫಿ ಮಾಡಿ ತಂದರು, ಜೊತೆಗೆ ಚಕ್ಕುಲಿ. ಅವರು ಅಷ್ಟು ಹಗುರವಾಗಿ ನಡೆದಾಡಿದ್ದನ್ನು ಮುಕ್ತಾ ಎಂದೂ ಕಂಡಿರಲಿಲ್ಲ. ರೇಣುಕ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಮರುದಿನ ಅದನ್ನು ಔಷಧದ ಅಂಗಡಿಯ ದೊಡ್ಡಪ್ಪನ ಮಗನಿಗೆ ತೋರಿಸಲು ಅವನಿಗೆ ಏನೂ ನಾಚಿಕೆಯಾಗಲಿಲ್ಲ.

ಸರ್ವಮಂಗಳಮ್ಮ ಹೇಳಿ ಕಳಿಸಿದ್ದರಿಂದ ಭಾನುವಾರ ಕಡೂರಿನಿಂದ ಅಣ್ಣ ಬಂದು ಮುಕ್ತಾಳನ್ನು ತವರಿಗೆ ಕರೆದುಕೊಂಡು ಹೋದ.

ಕಾಗದದ ಸುದ್ದಿ ಊರೂರು ಸುತ್ತಿತು. ಅಂಗಳದ ಬಿಸುಬಾಳೆ ಬರೀ ಅಂದದ ಗಿಡವಲ್ಲ, ಸೊಸೆಯ ಒಳಗನ್ನು ಓದಿ ಹೇಳುವ ಸಾಕ್ಷಿ ಎಂದು ಅತ್ತೆಯರಿಗೆ ತಿಳಿಯಿತು. ಬೆಳಗಾದರೆ ಹೆಂಗಸರು ಬೇಲಿಯ ಮೇಲಿಂದ ಕೈಚಾಚಿ ಪಕ್ಕದ ಮನೆಯ ಕಾಂಡ ಮುಟ್ಟಿ ನೋಡತೊಡಗಿದರು. ವರ್ಷ ತುಂಬುವಷ್ಟರಲ್ಲಿ, ಹೆಣ್ಣು ನೋಡಲು ಬರುವವರು ಜಾತಕದ ಜೊತೆ ಹುಡುಗಿಯೇ ಕಾವು ಕೊಟ್ಟ ಒಂದು ಕುಂಡದ ಸಸಿಯನ್ನೂ ಕೇಳುವಂತಾಯಿತು. ಮೊಳಕೈಯುದ್ದ ಬೆಳೆದಿದ್ದರೆ ಸಾಕಿತ್ತು, ಅಂಗೈಗೆ ಏರಿಳಿತ ಸಿಗುತ್ತಿತ್ತು. ಅದನ್ನು ಓದಿ ಹೇಳುವವರೂ ಹುಟ್ಟಿಕೊಂಡರು. ಹುಡುಗಿಯ ತಿಂಗಳು ಮುಂದೆ ಹಿಂದೆ ಆದರೆ ಸಸಿ ಹಿಂದಕ್ಕೆ ಬರುತ್ತಿತ್ತು, ಸಂಬಂಧವೂ.

ಡಾ. ಮಂದಾಕಿನಿ ಪತ್ರಿಕೆಗಳಲ್ಲಿ ಬರೆದರು, ಸಭೆಗಳಲ್ಲಿ ಕೈಮುಗಿದು ಹೇಳಿದರು. ಕೊನೆಗೆ ತಮ್ಮದೇ ಮುಟ್ಟು ನಿಂತ ಮೈಯ ಲಯವನ್ನು ಕಲಿಸಿದ ಬೀಜಗಳನ್ನು ಪೊಟ್ಟಣ ಮಾಡಿ, ಯಾರೂ ಪಟ್ಟಿ ಕಟ್ಟಬೇಕಿಲ್ಲ ಎಂದು ಅಂಗಡಿಗೆ ಬಿಟ್ಟರು. ಗಿಡ ಚೆನ್ನಾಗಿಯೇ ಬರುತ್ತಿತ್ತು. ಆದರೂ ಯಾರೂ ಕೊಳ್ಳಲಿಲ್ಲ. "ಅದ್ರಲ್ಲಿ ನೋಡೋಕೇನೈತೆ?" ಎಂದು ಕೇಳಿದರು.

ಕಡೂರಿನಲ್ಲಿ ಅಣ್ಣನ ಹೆಂಡತಿಗೆ ಒಬ್ಬಳು ತಂಗಿಯಿದ್ದಳು. ಅವಳ ತಿಂಗಳಿಗೆ ಲೆಕ್ಕವೇ ಇರಲಿಲ್ಲ. ಗಂಡಿನ ಕಡೆಯವರು ಸಸಿ ಕೇಳಿದ ದಿನ ಅತ್ತಿಗೆ ಪಟ್ಟಿಯನ್ನು ಮುಕ್ತಾಳ ಮುಂದೆ ಇಟ್ಟು ಹೇಳಿದಳು: "ನಿಂದು ಗಡಿಯಾರ ಇದ್ದಂಗೆ ಐತಲ್ಲ. ಕಟ್ಕೊಂಡ್ಬಿಡು. ಕೂತು ಉಣ್ಣೋಳು, ಇಷ್ಟಕ್ಕಾದ್ರೂ ಆಗ್ಲಿ."

ಮುಕ್ತಾ ಕಟ್ಟಿಕೊಂಡಳು.

ಆ ಸಸಿಯನ್ನು ಓದಿದವರು ಇಂಥದ್ದನ್ನು ಕಂಡಿಲ್ಲವೆಂದರು. ಹದಿನಾಲ್ಕು ದಿನ ತಂಪು, ಹದಿನಾಲ್ಕು ದಿನ ಬಿಸಿ, ಕೊರೆದಿಟ್ಟ ಗೆರೆ. ಅತ್ತಿಗೆಯ ತಂಗಿಗೆ ಮದುವೆಯಾಯಿತು. ಸುದ್ದಿ ಬಾಯಿಂದ ಬಾಯಿಗೆ, ತಾಯಂದಿರಿಂದ ತಾಯಂದಿರಿಗೆ ಮಾತ್ರ ದಾಟಿತು. ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಕಡೂರಿನ ಪಟ್ಟಿಯಕ್ಕ ಎಂದರೆ ಸಾಕಾಗಿತ್ತು. ಒಂದು ಸೊಂಟಕ್ಕೆ ಒಮ್ಮೆಗೆ ಮೂರು ಪಟ್ಟಿ ಹಿಡಿಯುತ್ತಿತ್ತು. ಏನನ್ನೂ ಉಳಿಸಿಕೊಳ್ಳುವ ಯೋಗ್ಯತೆಯಿಲ್ಲವೆಂದು ಹೊರಗೆ ಹಾಕಿದ ಮೈ, ಸುತ್ತಲ ಮೂರು ತಾಲ್ಲೂಕಿನ ಮದುಮಕ್ಕಳ ಕಾವನ್ನು ಹೊತ್ತು ತಿರುಗಿತು.

ಒಂದು ಮಧ್ಯಾಹ್ನ ಬಾಣಾವರದಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಇಪ್ಪತ್ತು ದಾಟಿರಲಿಲ್ಲ. ಉಗುರುಗಳನ್ನು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

"ಗಂಡು ಎಲ್ಲಿಯೋರು?" ಎಂದು ಮುಕ್ತಾ ಕೇಳಿದಳು.

"ಅರಸೀಕೆರೆ. ಎರಡನೇ ಸಂಬಂಧ ಕಣಕ್ಕ, ಆದ್ರೂ ಭಾರಿ ಮನೆ. ಅತ್ತೆ ಸರ್ವಮಂಗಳಮ್ಮ ಅಂತ, ಲಿಂಗಪೂಜೆ ಮಾಡ್ದೆ ತೊಟ್ಟು ನೀರು ಕುಡಿಯಲ್ಲ. ಹುಡುಗ ರೇಣುಕಪ್ರಸಾದ ಎದುರಾಡೋನೇ ಅಲ್ಲ."

ಮುಕ್ತಾ ಪಟ್ಟಿಯನ್ನು ಕೆಳಗಿಟ್ಟಳು. "ಆ ಮನೆ ಬೇಡಮ್ಮ. ಮೊದಲನೇ ಹೆಂಡ್ತಿ…"

"ಅವಳ ಸುದ್ದಿ ಗೊತ್ತು ಬಿಡಿ. ಹೊಟ್ಟೇಲಿ ಏನೂ ನಿಲ್ತಿರಲಿಲ್ಲವಂತೆ. ಗಿಡಾನೇ ಹೇಳ್ತಂತೆ."

ಮುಕ್ತಾ ಹುಡುಗಿಯ ಕಡೆ ತಿರುಗಿದಳು. "ನೀನು ಹೇಳವ್ವ. ನಾನು ಕಟ್ಕೊಳ್ಳಲ್ಲ ಅಂದ್ರೆ ಈ ಸಂಬಂಧ ತಪ್ಪುತ್ತೆ. ತಪ್ಪಿಸ್ಲಾ?"

ಹುಡುಗಿ ತಾಯಿಯ ಮುಖ ನೋಡಿ, ನೆಲ ನೋಡಿದಳು. "ಆಗ್ಲೇ ಮೂರು ತಪ್ಪಿದೆ ಅಕ್ಕ. ನಾಲ್ಕನೇದು ತಪ್ಪಿದ್ರೆ ಅಪ್ಪ ನನ್ನ ಮನೇಲಿ ಇಟ್ಕೊಳ್ಳಲ್ಲ. ಕಟ್ಕೊಳ್ಳಿ. ಎಲ್ಲಿ ಹೋದ್ರೂ ಅಲ್ಲಿ ಒಬ್ಬ ಅತ್ತೆ ಇದ್ದೇ ಇರ್ತಾಳೆ."

ಮುಕ್ತಾ ಎದ್ದು ಸೆರಗು ಸರಿಸಿದಳು. ಪಟ್ಟಿ ಎತ್ತಿಕೊಂಡು ಕೊಂಡಿ ಹಾಕಿದಳು.

ಮದುವೆ ಕಳೆದು ಹದಿನೈದು ದಿನಕ್ಕೆ ಆ ತಾಯಿ ಮಿಠಾಯಿಯ ಡಬ್ಬಿ ಹಿಡಿದು ಬಂದಳು. ಬಂದವಳೇ ಕೂತುಕೊಳ್ಳುವ ಮೊದಲೇ ಶುರುಮಾಡಿದಳು: "ಎಂಥ ಮದ್ವೆ ಅಂತೀರಾ! ಅಂಗಳದಲ್ಲಿ ಚಾವಣಿ ಮೀರಿ ಬೆಳೆದಿದ್ದ ಹಳೇ ಬಿಸುಬಾಳೇನ ಕಡಿದು ಚಪ್ಪರಕ್ಕೆ ಕಟ್ಟಿದ್ರು. ಬೆಳಗ್ಗೆ ಕಡಿದಿದ್ದು, ಧಾರೆ ಹೊತ್ತಲ್ಲಿ ಮುಟ್ಟಿದ್ರೆ ಇನ್ನೂ ಬೆಚ್ಚಗಿತ್ತು ಕಣಕ್ಕ. ಆ ಜಾಗದಲ್ಲೇ ನಮ್ಮ ಸಸಿ ನೆಟ್ಟವ್ರೆ."

"ಬೀಗಿತ್ತಿ ಏನಂದ್ರು?"

"ದಿನಾ ಬೆಳಗ್ಗೆ ಅದನ್ನ ಕೂಸಿನಂಗೆ ಸವರ್ತಾರಂತೆ. ಬಂದೋರಿಗೆಲ್ಲ ಕೈ ಹಿಡಿದು ಮುಟ್ಟಿಸ್ತಾರಂತೆ. 'ಇದು ನೋಡಿ ಹೆಣ್ಣಿನ ಮೈ ಅಂದ್ರೆ. ಮೊದಲೇ ಇಂಥೋಳು ನನ್ನ ಮನೆಗೆ ಬಂದಿದ್ರೆ ಇಷ್ಟೊತ್ತಿಗೆ ಮೊಮ್ಮಗು ಅಂಗಳದಲ್ಲಿ ಓಡಾಡ್ತಿತ್ತು' ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರಂತೆ."